ಅಪ್ಪನ ರಕ್ತದಲ್ಲಿ ಹೃದಯದ ಹಾರ್ಮೋನು ಏರಿದೆ, ಇಳಿಸುವುದು ಹೇಗೆ?

ಪ್ರಶ್ನೆ: ಡಾಕ್ಟರ್ ಸಾಹೇಬರಿಗೆ ನಮಸ್ಕಾರ. ನಾವು ಕಲಬುರಗಿ ಜಿಲ್ಲೆಯ ಸೇಡಂ ತಾಲೂಕಿನವರು. ತಂದೆಯವರಿಗೆ 66 ವರ್ಷ, ತೊಗರಿ ಬೆಳೆಯುವ ಒಕ್ಕಲುತನ. ಹತ್ತು ವರ್ಷದಿಂದ ಬಿಪಿ ಇದೆ. ಗುಳಿಗೆ ಒಂದು ದಿನ ನುಂಗಿದರೆ ಎರಡು ದಿನ ಇಲ್ಲ. ಎರಡು ತಿಂಗಳಿಂದ ನಾಲ್ಕು ಹೆಜ್ಜೆ ನಡೆದರೆ ದಮ್ಮು ಹತ್ತುತ್ತದೆ, ಕಾಲಿಗೆ ಬಾವು ಬಂದಿದೆ, ರಾತ್ರಿ ಮಲಗಿದವರು ಉಸಿರು ಕಟ್ಟಿದಂತಾಗಿ ಎದ್ದು ಕೂರುತ್ತಾರೆ. ಕಲಬುರಗಿಯಲ್ಲಿ ತೋರಿಸಿದೆವು. ಎಕೋ ಮಾಡಿ ಹೃದಯದ ಬಲ ಶೇ 32 ಎಂದರು. ರಕ್ತ ಪರೀಕ್ಷೆಯಲ್ಲಿ ‘ಎನ್‌ಟಿ-ಪ್ರೊಬಿಎನ್‌ಪಿ 3,200’ ಎಂದು ಬಂತು. ಹೊಸ ಗುಳಿಗೆ ಶುರು ಮಾಡಿ ಮೂರು ವಾರವಾದ ಮೇಲೆ ಬೇರೆ ಲ್ಯಾಬಿನಲ್ಲಿ ಮಾಡಿಸಿದಾಗ ‘ಬಿಎನ್‌ಪಿ 780’ ಎಂದು ಬಂತು. ಇಷ್ಟು ಇಳಿಯಿತಲ್ಲ ಎಂದು ನಾವೆಲ್ಲ ಹಿಗ್ಗಿದೆವು, ಆದರೆ ಡಾಕ್ಟರರು ಹಿಗ್ಗಲಿಲ್ಲ. ಬಿಎನ್‌ಪಿ ಎಂದರೆ ಮೆದುಳಿನ ಹಾರ್ಮೋನು ಎಂದು ನನ್ನ ತಮ್ಮ ಮೊಬೈಲಿನಲ್ಲಿ ಓದಿ ಹೇಳುತ್ತಾನೆ. ಹೃದಯಕ್ಕೂ ಹಾರ್ಮೋನಿಗೂ ಏನು ಸಂಬಂಧ? ಥೈರಾಯ್ಡಿಗೆ ಇರುವಂತೆ ಈ ಹಾರ್ಮೋನನ್ನು ಇಳಿಸುವ ಗುಳಿಗೆ ಇಲ್ಲವೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಅದರೊಳಗೆ ಒಂದು ತಪ್ಪು ತಿಳಿವಳಿಕೆ ಕುಳಿತಿದೆ, ಅದು ತಂದೆಯವರ ಚಿಕಿತ್ಸೆಯ ದಾರಿಯನ್ನೇ ತಪ್ಪಿಸಬಹುದು. ಈ ಹಾರ್ಮೋನು ನಿಮ್ಮ ತಂದೆಯವರ ವೈರಿಯಲ್ಲ. ಅವರ ದೇಹದಲ್ಲಿ ಈಗ ಅವರ ಪರವಾಗಿ ದುಡಿಯುತ್ತಿರುವ ಕೆಲವೇ ವಸ್ತುಗಳಲ್ಲಿ ಅದೂ ಒಂದು. ಭಾರ ಹೊರಲಾರದ ಹೃದಯ ‘ನನ್ನ ಹೊರೆ ಇಳಿಸಿ’ ಎಂದು ಮೂತ್ರಪಿಂಡಗಳಿಗೆ ಇಡುವ ಮೊರೆ ಅದು. ಥೈರಾಯ್ಡ್ ಗ್ರಂಥಿ ಕೆಟ್ಟು ಹಾರ್ಮೋನು ಹೆಚ್ಚು ಸುರಿಸಿದಾಗ ಆ ಹಾರ್ಮೋನಿನಿಂದಲೇ ಕಾಯಿಲೆ. ಇಲ್ಲಿ ಕಾಯಿಲೆ ಮೊದಲು, ಹಾರ್ಮೋನು ಆಮೇಲೆ. ಮೊರೆ ನಿಲ್ಲಬೇಕಾದರೆ ಹೊರೆ ಇಳಿಯಬೇಕು. ಸಂಖ್ಯೆಯ ಬೆನ್ನು ಹತ್ತಿದರೆ ಪ್ರಯೋಜನವಿಲ್ಲ.

ಹೃದಯ ಹಾರ್ಮೋನು ತಯಾರಿಸುತ್ತದೆ ಎಂದರೆ ನಿಮಗೆ ಅಚ್ಚರಿಯಾಗುವುದು ಸಹಜ. ಹೃದಯ ಒಂದು ಪಂಪು, ರಕ್ತವನ್ನು ತಳ್ಳುವುದಷ್ಟೇ ಅದರ ಕೆಲಸ ಎಂದೇ ಶಾಲೆಯಲ್ಲಿ ಎಲ್ಲರೂ ಕಲಿತಿದ್ದೇವೆ. ವಿಜ್ಞಾನಿಗಳೂ ಬಹಳ ಕಾಲ ಹಾಗೆಯೇ ತಿಳಿದಿದ್ದರು. 1950ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ಹೃದಯದ ಮೇಲಿನ ಕೋಣೆಗಳ, ಅಂದರೆ ಹೃತ್ಕರ್ಣಗಳ, ಸ್ನಾಯುಕೋಶಗಳನ್ನು ಇಟ್ಟು ನೋಡಿದವರಿಗೆ ಅವುಗಳೊಳಗೆ ಪುಟ್ಟ ಪುಟ್ಟ ಕಪ್ಪು ಕಣಗಳು ಕಂಡವು. ಹಾರ್ಮೋನು ಸ್ರವಿಸುವ ಗ್ರಂಥಿಗಳ ಕೋಶಗಳಲ್ಲಿ ಇರುವಂಥ ಕಣಗಳೇ ಅವು. 1964ರಲ್ಲಿ ಜೇಮಿಸನ್ ಮತ್ತು ಪಲಾಡೆ ಎಂಬ ವಿಜ್ಞಾನಿಗಳು ಅವುಗಳನ್ನು ವಿವರವಾಗಿ ಬಣ್ಣಿಸಿದರು. ಕೆಳಗಿನ ಕೋಣೆಗಳಾದ ಹೃತ್ಕುಕ್ಷಿಗಳಲ್ಲಿ ಅವು ಹಾಗೆ ತುಂಬಿರಲಿಲ್ಲ. ರಕ್ತ ತಳ್ಳುವ ಸ್ನಾಯುವಿಗೆ ಗ್ರಂಥಿಯ ಕಣಗಳು ಏಕೆ ಬೇಕು? ಪ್ರಶ್ನೆ ವರ್ಷಗಟ್ಟಲೆ ಹಾಗೆಯೇ ಉಳಿಯಿತು.

ಅದೇ ಸುಮಾರಿಗೆ ಇನ್ನೊಂದು ಕಡೆಯಿಂದ ಇನ್ನೊಂದು ಸುಳಿವು ಸಿಕ್ಕಿತ್ತು. 1956ರಲ್ಲಿ ಹೆನ್ರಿ, ಗಾವರ್ ಮತ್ತು ಸಂಗಡಿಗರು ನಾಯಿಯ ಎಡ ಹೃತ್ಕರ್ಣದೊಳಗೆ ಚಿಕ್ಕದೊಂದು ಬಲೂನನ್ನು ಉಬ್ಬಿಸಿ ಅದರ ಗೋಡೆಯನ್ನು ಹಿಗ್ಗಿಸಿದರು. ನಾಯಿ ಹೆಚ್ಚು ಮೂತ್ರ ಮಾಡತೊಡಗಿತು. ಹಿಗ್ಗಿದ್ದು ಎದೆಯೊಳಗೆ, ಉತ್ತರ ಕೊಟ್ಟದ್ದು ಸೊಂಟದ ಮೇಲಿನ ಮೂತ್ರಪಿಂಡ. ಅಂದು ಅದನ್ನು ನರಗಳ ಮೂಲಕ ನಡೆಯುವ ಸಂಗತಿ ಎಂದು ವಿವರಿಸಿದರು. ನರಗಳ ಪಾತ್ರವೂ ಇದೆ, ಸುಳ್ಳಲ್ಲ. ಆದರೆ ಕಥೆ ಅಲ್ಲಿಗೇ ಮುಗಿದಿರಲಿಲ್ಲ.

ಆ ಕಣಗಳ ಒಗಟನ್ನು ಬಿಡಿಸಿದವರು ಅರ್ಜೆಂಟೀನಾದಲ್ಲಿ ಹುಟ್ಟಿ ಕೆನಡಾದ ಕಿಂಗ್‌ಸ್ಟನ್ನಿನಲ್ಲಿ ಕೆಲಸ ಮಾಡುತ್ತಿದ್ದ ಅಡಾಲ್ಫೊ ಡಿ ಬೋಲ್ಡ್. ಅವರ ಪ್ರಯೋಗ ಎಷ್ಟು ಸರಳವೆಂದರೆ, ವಿದ್ಯಾರ್ಥಿಗಳಿಗೆ ಅದನ್ನು ಹೇಳುವಾಗ ಇಂದಿಗೂ ನನ್ನ ಮೈ ಜುಮ್ಮೆನ್ನುತ್ತದೆ. ಇಲಿಗಳ ಹೃತ್ಕರ್ಣಗಳನ್ನು ಅರೆದು ಸಾರ ತೆಗೆದರು. ಆ ಸಾರವನ್ನು ಬೇರೆ ಇಲಿಗಳ ರಕ್ತನಾಳಕ್ಕೆ ಚುಚ್ಚಿದರು. ಕೆಲವೇ ನಿಮಿಷಗಳಲ್ಲಿ ಆ ಇಲಿಗಳ ಮೂತ್ರದ ಪ್ರಮಾಣ ಸುಮಾರು 10 ಪಟ್ಟು ಏರಿತು, ಮೂತ್ರದಲ್ಲಿ ಹೊರಹೋಗುವ ಸೋಡಿಯಂ 30 ಪಟ್ಟಿಗೂ ಮೀರಿ ಏರಿತು. ಹೃತ್ಕುಕ್ಷಿಗಳನ್ನು ಅರೆದು ಕೊಟ್ಟಾಗ ಹಾಗೇನೂ ಆಗಲಿಲ್ಲ. 1981ರಲ್ಲಿ ಈ ಫಲಿತಾಂಶ ಪ್ರಕಟವಾದ ಮೇಲೆ ಹೃದಯವನ್ನು ಬರೀ ಪಂಪು ಎನ್ನುವಂತಿರಲಿಲ್ಲ. ಅದು ಗ್ರಂಥಿಯೂ ಹೌದು.

ಆ ಸಾರದಲ್ಲಿದ್ದ ವಸ್ತುವೇ ಎಎನ್‌ಪಿ, 28 ಅಮೈನೊ ಆಮ್ಲಗಳು ಸೇರಿ ಆದ ಪುಟ್ಟ ಪೆಪ್ಟೈಡ್. ಹೆಸರಿನ ಮೊದಲ ಅಕ್ಷರ ಹೃತ್ಕರ್ಣವನ್ನು ಸೂಚಿಸುತ್ತದೆ. ಉಳಿದದ್ದು ‘ಸೋಡಿಯಂ ಹೊರಹಾಕಿಸುವ ಪೆಪ್ಟೈಡ್’ ಎಂದು. ಅದರ ತಮ್ಮನೇ ನಿಮ್ಮ ರಿಪೋರ್ಟಿನಲ್ಲಿರುವ ಬಿಎನ್‌ಪಿ, 32 ಅಮೈನೊ ಆಮ್ಲಗಳದ್ದು. ನಿಮ್ಮ ತಮ್ಮ ಓದಿದ್ದು ಪೂರ್ತಿ ಸುಳ್ಳಲ್ಲ. 1988ರಲ್ಲಿ ಜಪಾನಿನ ವಿಜ್ಞಾನಿಗಳು ಬಿಎನ್‌ಪಿಯನ್ನು ಮೊದಲು ಕಂಡುಹಿಡಿದದ್ದು ಹಂದಿಯ ಮೆದುಳಿನಲ್ಲಿ. ಆದ್ದರಿಂದ ಹೆಸರಿನಲ್ಲಿ ಮೆದುಳು ಸೇರಿಕೊಂಡಿತು. ಬೇಗನೆ ತಿಳಿದುಬಂದದ್ದೇನೆಂದರೆ, ಅದರ ನಿಜವಾದ ಕಾರ್ಖಾನೆ ಹೃದಯದ ಕೆಳಗಿನ ಕೋಣೆಗಳು, ಹೃತ್ಕುಕ್ಷಿಗಳು. ಹೆಸರು ಮಾತ್ರ ಹಾಗೆಯೇ ಉಳಿಯಿತು. ನಿಮ್ಮ ತಂದೆಯವರ ಮೆದುಳಿಗೂ ಈ ಸಂಖ್ಯೆಗೂ ಸಂಬಂಧವಿಲ್ಲ. ಆ ಭಯವನ್ನು ಇಂದೇ ಬಿಟ್ಟುಬಿಡಿ.

ಅಣ್ಣತಮ್ಮಂದಿರ ಸ್ವಭಾವದಲ್ಲಿ ಒಂದು ವ್ಯತ್ಯಾಸವಿದೆ. ನಮ್ಮ ಭಾಗದ ಮನೆಗಳಲ್ಲಿ ಕಡಕ್ ರೊಟ್ಟಿಯನ್ನು ಮೊದಲೇ ಮಾಡಿ ಬುಟ್ಟಿಯಲ್ಲಿ ಪೇರಿಸಿಟ್ಟಿರುತ್ತಾರೆ, ಯಾರಾದರೂ ಬಂದರೆ ತಕ್ಷಣ ಬಡಿಸಲಿಕ್ಕೆ. ಎಎನ್‌ಪಿ ಹಾಗೆ. ಕಣಗಳಲ್ಲಿ ತುಂಬಿ ಸಿದ್ಧವಾಗಿರುತ್ತದೆ, ಹೃತ್ಕರ್ಣ ಹಿಗ್ಗಿದೊಡನೆ ರಕ್ತಕ್ಕೆ ಬೀಳುತ್ತದೆ. ಬಿಎನ್‌ಪಿ ಬಿಸಿ ರೊಟ್ಟಿಯ ಹಾಗೆ. ಹೆಚ್ಚಿನ ದಾಸ್ತಾನು ಇರುವುದಿಲ್ಲ. ಹೃತ್ಕುಕ್ಷಿಯ ಗೋಡೆಯ ಮೇಲೆ ಒತ್ತಡ ಬಿದ್ದಾಗ ಅದರ ಜೀನು ಎಚ್ಚೆತ್ತು ಆಗಿಂದಾಗ ತಯಾರಾಗುತ್ತದೆ. ಒತ್ತಡ ದಿನಗಟ್ಟಲೆ ಇಳಿಯದಿದ್ದರೆ ತಯಾರಿಯೂ ನಿಲ್ಲುವುದಿಲ್ಲ. ಆದ್ದರಿಂದಲೇ ಸೋತ ಹೃದಯದ ಗುರುತು ಹಿಡಿಯಲು ವೈದ್ಯರು ಬಿಎನ್‌ಪಿಯ ಕುಟುಂಬವನ್ನೇ ಅಳೆಯುತ್ತಾರೆ.

ಎಎನ್‌ಪಿಯ ಕೆಲಸ ನಿಮ್ಮ ಅನುಭವಕ್ಕೂ ಬಂದಿದೆ. ಸಣ್ಣವರಿದ್ದಾಗ ಬಾವಿಯಲ್ಲಿ ಕುತ್ತಿಗೆಯವರೆಗೆ ನೀರಿನಲ್ಲಿ ನಿಂತ ಸ್ವಲ್ಪ ಹೊತ್ತಿಗೇ ಮೂತ್ರಕ್ಕೆ ಅವಸರವಾದದ್ದು ನೆನಪಿರಬೇಕು. ಸುತ್ತಲಿನ ನೀರು ಕಾಲು ಮತ್ತು ಹೊಟ್ಟೆಯನ್ನು ಒತ್ತುತ್ತದೆ, ಅಲ್ಲಿನ ರಕ್ತ ಮೇಲೇರಿ ಎದೆಗೆ ಬರುತ್ತದೆ, ಹೃತ್ಕರ್ಣ ಹಿಗ್ಗುತ್ತದೆ. ದೇಹದಲ್ಲಿ ನೀರು ಹೆಚ್ಚಾಯಿತು ಎಂದು ಹೃದಯ ಭಾವಿಸಿ ಮೂತ್ರಪಿಂಡಕ್ಕೆ ಸುದ್ದಿ ಮುಟ್ಟಿಸುತ್ತದೆ. ನಿಮ್ಮ ತಂದೆಯವರು ರಾತ್ರಿ ಮೂರ್ನಾಲ್ಕು ಸಲ ಮೂತ್ರಕ್ಕೆ ಏಳುತ್ತಿದ್ದರೆ, ನೀವು ಬರೆದಿಲ್ಲ, ಆದರೂ ಏಳುತ್ತಿರಬಹುದು, ಅದಕ್ಕೂ ಇದು ಒಂದು ಕಾರಣ. ಹಗಲೆಲ್ಲ ಕಾಲಿಗೆ ಇಳಿದು ಬಾವಾಗಿ ನಿಂತ ನೀರು ಮಲಗಿದಾಗ ರಕ್ತಕ್ಕೆ ಮರಳಿ ಎದೆಗೆ ಬರುತ್ತದೆ. ಹೃದಯ ಗಟ್ಟಿಯಿದ್ದರೆ ಮೂತ್ರವಾಗಿ ಹೋಗುತ್ತದೆ. ಸೋತಿದ್ದರೆ ಒಂದಷ್ಟು ಮೂತ್ರವಾಗಿ, ಉಳಿದದ್ದು ಶ್ವಾಸಕೋಶದಲ್ಲಿ ತುಂಬಿ ಉಸಿರು ಕಟ್ಟಿಸುತ್ತದೆ. ಅವರು ನಡುರಾತ್ರಿ ಎದ್ದು ಕೂರುವುದು ಇದಕ್ಕೇ. ಕುಳಿತರೆ ನೀರು ಮತ್ತೆ ಕೆಳಗಿಳಿಯುತ್ತದೆ, ಸ್ವಲ್ಪ ನಿರಾಳವಾಗುತ್ತದೆ.

ಸುದ್ದಿ ಮುಟ್ಟಿದ ಮೇಲೆ ಮೂತ್ರಪಿಂಡ ಏನು ಮಾಡುತ್ತದೆ? ಸೋಸುವ ಗಂಟುಗಳಿಗೆ ರಕ್ತ ತರುವ ನಾಳ ಹಿಗ್ಗುತ್ತದೆ, ಅಲ್ಲಿಂದ ಹೊರಹೋಗುವ ನಾಳ ಬಿಗಿಯುತ್ತದೆ, ಸೋಸುವಿಕೆ ಹೆಚ್ಚುತ್ತದೆ. ಸೋಸಿದ ಮೇಲೆ ಸೋಡಿಯಂ ಅನ್ನು ಹಿಂದಕ್ಕೆ ಹೀರಿಕೊಳ್ಳುವ ಕೆಲಸ ತಗ್ಗುತ್ತದೆ. ಉಪ್ಪು ಹೋದ ಕಡೆ ನೀರೂ ಹೋಗುತ್ತದೆ. ಇದರ ಜೊತೆಗೆ ದೇಹದ ರಕ್ತನಾಳಗಳು ಸಡಿಲಗೊಂಡು ಬಿಪಿ ಇಳಿಯುತ್ತದೆ, ಉಪ್ಪನ್ನು ಹಿಡಿದಿಡುವ ರೆನಿನ್ ಮತ್ತು ಆಲ್ಡೋಸ್ಟೆರಾನ್ ಎಂಬ ಹಾರ್ಮೋನುಗಳ ಬಿಡುಗಡೆಗೂ ತಡೆ ಬೀಳುತ್ತದೆ.

ಮಹಾರಾಷ್ಟ್ರದ ಉಜನಿಯಿಂದ ನೀರು ಬಿಟ್ಟಾಗ ನಮ್ಮ ಅಫಜಲಪುರ ತಾಲೂಕಿನ ಸೊನ್ನ ಬ್ಯಾರೇಜಿನಲ್ಲಿ ಗೇಟು ಎತ್ತುತ್ತಾರಲ್ಲ, ಹಾಗೆ ಯೋಚಿಸಿ. ಮಟ್ಟ ನೋಡಿ ಸುದ್ದಿ ಕೊಡುವವನು ಹೃದಯ, ಗೇಟು ಎತ್ತುವವನು ಮೂತ್ರಪಿಂಡ.

ಈಗ ನೀವು ಕೇಳದಿದ್ದರೂ ನಿಮ್ಮ ಪತ್ರದೊಳಗೆ ಅಡಗಿರುವ ಪ್ರಶ್ನೆ. ಈ ಹಾರ್ಮೋನು ಇಷ್ಟು ಒಳ್ಳೆಯದು, ಅದು ತಂದೆಯವರ ರಕ್ತದಲ್ಲಿ ಇಷ್ಟೊಂದು ಇದೆ; ಮತ್ತೆ ಕಾಲಿನ ಬಾವು ಏಕೆ ಇಳಿದಿಲ್ಲ? ವೈದ್ಯರನ್ನೂ ಬಹಳ ಕಾಲ ಕಾಡಿದ ಪ್ರಶ್ನೆ ಇದು. ಉತ್ತರ ಹೀಗಿದೆ. ಸೋತ ಹೃದಯ ಸಾಕಷ್ಟು ರಕ್ತ ತಳ್ಳದಿದ್ದಾಗ ಮೂತ್ರಪಿಂಡಕ್ಕೆ ಬರುವ ರಕ್ತವೂ ಕಡಿಮೆಯಾಗುತ್ತದೆ. ಮೂತ್ರಪಿಂಡಕ್ಕೆ ಕಾರಣ ಗೊತ್ತಿಲ್ಲ. ದೇಹಕ್ಕೆ ಗಾಯವಾಗಿ ರಕ್ತ ಹೋಗಿದೆ ಅಥವಾ ಬಿಸಿಲಿಗೆ ನೀರು ಆರಿದೆ ಎಂದು ತಿಳಿದು ಅದು ರೆನಿನ್ ಬಿಡುತ್ತದೆ, ಆಲ್ಡೋಸ್ಟೆರಾನ್ ಏರುತ್ತದೆ, ಉಪ್ಪನ್ನೂ ನೀರನ್ನೂ ಗಟ್ಟಿಯಾಗಿ ಹಿಡಿದಿಡುತ್ತದೆ. ಮೇಲಿನಿಂದ ಹೃದಯ ‘ಬಿಡು’ ಎನ್ನುತ್ತಿದೆ, ಕೆಳಗಿನಿಂದ ರೆನಿನ್ ಕೂಟ ‘ಹಿಡಿ’ ಎನ್ನುತ್ತಿದೆ. ಈ ಜಗ್ಗಾಟದಲ್ಲಿ ಹಿಡಿಯುವವರ ಕೈ ಮೇಲಾಗುತ್ತದೆ. ದಿನ ಕಳೆದಂತೆ ಹೃದಯದ ಮೊರೆಗೆ ಮೂತ್ರಪಿಂಡ ಓಗೊಡುವುದೂ ಕಡಿಮೆಯಾಗುತ್ತದೆ. ಜೊತೆಗೆ, ಅವಸರದಲ್ಲಿ ತಯಾರಾದ ಬಿಎನ್‌ಪಿಯಲ್ಲಿ ಒಂದು ಪಾಲು ಸರಿಯಾಗಿ ಕತ್ತರಿಸಲ್ಪಡದೆ ಹಾಗೆಯೇ ರಕ್ತಕ್ಕೆ ಬರುತ್ತದೆ, ಅದಕ್ಕೆ ಬಲ ಕಡಿಮೆ.

ಕತ್ತರಿಸುವುದು ಎಂದೆನಲ್ಲ, ನಿಮ್ಮ ಎರಡು ಲ್ಯಾಬುಗಳ ಗೊಂದಲದ ಕೀಲಿ ಅಲ್ಲಿದೆ. ಎರಡೂ ರಿಪೋರ್ಟುಗಳನ್ನು ಪಕ್ಕಪಕ್ಕ ಇಟ್ಟು ಹೆಸರನ್ನು ಅಕ್ಷರ ಬಿಡದೆ ಓದಿ. ಮೊದಲನೆಯದರಲ್ಲಿ ‘ಎನ್‌ಟಿ-ಪ್ರೊ’ ಎಂಬ ಬಾಲ ಮುಂದಿದೆ, ಎರಡನೆಯದರಲ್ಲಿ ಇಲ್ಲ. ಹೃದಯದ ಕೋಶ ಮೊದಲು 108 ಅಮೈನೊ ಆಮ್ಲಗಳ ಒಂದು ಉದ್ದನೆಯ ಎಳೆಯನ್ನು ತಯಾರಿಸುತ್ತದೆ. ಅದು ಎರಡು ತುಂಡಾಗುತ್ತದೆ: 32ರ ತುಂಡು ಕೆಲಸ ಮಾಡುವ ಹಾರ್ಮೋನು, ಬಿಎನ್‌ಪಿ. ಉಳಿದ 76ರ ತುಂಡು ಕೆಲಸವಿಲ್ಲದ ತುಣುಕು, ಅದೇ ಎನ್‌ಟಿ-ಪ್ರೊಬಿಎನ್‌ಪಿ. ಕೆಲಸ ಮಾಡುವ ತುಂಡು ರಕ್ತದಲ್ಲಿ ಸುಮಾರು 20 ನಿಮಿಷದಲ್ಲಿ ಅರ್ಧಕ್ಕರ್ಧ ಕರಗುತ್ತದೆ. ಕೆಲಸವಿಲ್ಲದ ತುಣುಕಿಗೆ ಒಂದರಿಂದ ಎರಡು ಗಂಟೆ ಬೇಕು. ಹೀಗಾಗಿ ಅದು ಹೆಚ್ಚು ಕೂಡಿಕೊಳ್ಳುತ್ತದೆ, ಅದರ ಸಂಖ್ಯೆ ಯಾವಾಗಲೂ ದೊಡ್ಡದಾಗಿ ಕಾಣುತ್ತದೆ. 3,200 ಮತ್ತು 780 ಎರಡು ಬೇರೆ ವಸ್ತುಗಳ ಲೆಕ್ಕ. ತೊಗರಿಯನ್ನು ಕ್ವಿಂಟಲಿನಲ್ಲಿ ತೂಗಿ, ಬೇಳೆಯನ್ನು ಸೇರಿನಲ್ಲಿ ಅಳೆದು, ಎರಡನ್ನೂ ಹೋಲಿಸಿದರೆ ಇಳುವರಿ ಏರಿತೋ ಇಳಿಯಿತೋ ಗೊತ್ತಾಗುವುದಿಲ್ಲ. ಬಿಎನ್‌ಪಿ 780 ಎಂಬುದು ತನ್ನಷ್ಟಕ್ಕೆ ಬಹಳ ಹೆಚ್ಚು. ದಮ್ಮು ಎಂದು ತುರ್ತಾಗಿ ಬಂದವರಲ್ಲಿ ಅದು 100ರ ಕೆಳಗಿದ್ದರೆ ಹೃದಯ ವೈಫಲ್ಯದ ಸಾಧ್ಯತೆ ಕಡಿಮೆ ಎನ್ನುತ್ತೇವೆ. ಎನ್‌ಟಿ-ಪ್ರೊಬಿಎನ್‌ಪಿಗೆ ಆ ಗಡಿ 300. ನಿಮ್ಮ ಡಾಕ್ಟರರು ಹಿಗ್ಗದಿರುವುದಕ್ಕೆ ಇದೇ ಕಾರಣವಿರಬೇಕು.

ಇನ್ನೊಂದು ತೊಡಕೂ ಇದೆ. ನೀವು ‘ಹೊಸ ಗುಳಿಗೆ’ ಎಂದಷ್ಟೇ ಬರೆದಿದ್ದೀರಿ. ಚೀಟಿಯಲ್ಲಿ ಸಕ್ಯುಬಿಟ್ರಿಲ್-ವಲ್ಸಾರ್ಟಾನ್ ಎಂದು ಇದೆಯೇ ನೋಡಿ. ಹೃದಯದ ಬಲ ಇಷ್ಟು ಇಳಿದಾಗ ಈಗ ಸಾಮಾನ್ಯವಾಗಿ ಕೊಡುವ ಔಷಧ ಅದು. ಹಾಗಿದ್ದರೆ ಬಿಎನ್‌ಪಿ ಪರೀಕ್ಷೆಯ ಲೆಕ್ಕವೇ ತಪ್ಪುತ್ತದೆ. ಹೃದಯದ ಹಾರ್ಮೋನುಗಳನ್ನು ರಕ್ತದಲ್ಲಿ ತುಂಡರಿಸಿ ಮುಗಿಸುವ ನೆಪ್ರಿಲೈಸಿನ್ ಎಂಬ ಕಿಣ್ವವೊಂದಿದೆ. ಸಕ್ಯುಬಿಟ್ರಿಲ್ ಅದರ ಕೈ ಕಟ್ಟುತ್ತದೆ. ಆಗ ಎಎನ್‌ಪಿ, ಬಿಎನ್‌ಪಿ ಹೆಚ್ಚು ಹೊತ್ತು ಉಳಿದು ಹೆಚ್ಚು ದುಡಿಯುತ್ತವೆ. ಜೊತೆಗಿರುವ ವಲ್ಸಾರ್ಟಾನ್ ರೆನಿನ್ ಕೂಟದ ಹಿಡಿತವನ್ನು ಸಡಿಲಿಸುತ್ತದೆ. ಜಗ್ಗಾಟದ ಹಗ್ಗವನ್ನು ಎರಡೂ ಕಡೆಯಿಂದ ತಂದೆಯವರ ಪರವಾಗಿ ಎಳೆಯುವ ಗುಳಿಗೆ ಇದು. ಅಂದರೆ ನೀವು ಕೇಳಿದ ‘ಹಾರ್ಮೋನು ಇಳಿಸುವ ಗುಳಿಗೆ’ಗೆ ತದ್ವಿರುದ್ಧವಾಗಿ, ಹೃದಯದ ಹಾರ್ಮೋನನ್ನು ಉಳಿಸುವ ಗುಳಿಗೆಯೇ ಇಂದು ಕೈಯಲ್ಲಿದೆ! ಅದನ್ನು ತೆಗೆದುಕೊಳ್ಳುವಾಗ ಬಿಎನ್‌ಪಿ ಏರಿದರೂ ಅದು ಕೆಡುಕಿನ ಗುರುತಾಗಬೇಕಿಲ್ಲ. ಕೆಲಸವಿಲ್ಲದ 76ರ ತುಣುಕನ್ನು ಆ ಕಿಣ್ವ ಮುಟ್ಟುವುದಿಲ್ಲವಾದ್ದರಿಂದ ಎನ್‌ಟಿ-ಪ್ರೊಬಿಎನ್‌ಪಿ ಮಾತ್ರ ಹೃದಯದ ನಿಜಸ್ಥಿತಿ ಹೇಳುತ್ತದೆ. ಮುಂದಿನ ಸಲ ಅದನ್ನೇ, ಮೊದಲು ಮಾಡಿಸಿದ ಲ್ಯಾಬಿನಲ್ಲೇ ಮಾಡಿಸಿ. 3,200 ಇದ್ದದ್ದು 2,900 ಆಯಿತು ಎಂದು ಹಿಗ್ಗಬೇಡಿ, 3,500 ಆಯಿತು ಎಂದು ಕುಗ್ಗಬೇಡಿ. ಅಷ್ಟು ಏರಿಳಿತ ಸಹಜ. ಶೇ 30ಕ್ಕಿಂತ ಹೆಚ್ಚು ಇಳಿದರೆ ಔಷಧ ಹಿಡಿಯುತ್ತಿದೆ ಎಂದು ನಾವು ನಂಬುತ್ತೇವೆ.

2014ರಲ್ಲಿ 8,000ಕ್ಕೂ ಹೆಚ್ಚು ರೋಗಿಗಳಲ್ಲಿ ನಡೆದ ದೊಡ್ಡ ಅಧ್ಯಯನದಲ್ಲಿ ಈ ಜೋಡಿ ಗುಳಿಗೆಯನ್ನು ಎನಲಾಪ್ರಿಲ್ ಎಂಬ ಹಳೆಯ ಒಳ್ಳೆಯ ಔಷಧದ ಜೊತೆ ಹೋಲಿಸಿದರು. ಹೃದಯದ ಕಾರಣದಿಂದ ಬರುವ ಸಾವು ಅಥವಾ ಹೃದಯ ಸೋತು ಆಸ್ಪತ್ರೆ ಸೇರುವುದು ಹೊಸ ಗುಳಿಗೆಯವರಲ್ಲಿ ಶೇ 20ರಷ್ಟು ಕಡಿಮೆ ಇತ್ತು. ಈಗ ನಮ್ಮ ದೇಶದ ಹಲವು ಕಂಪನಿಗಳು ಅದನ್ನು ತಯಾರಿಸುತ್ತಿವೆ, ಬೆಲೆ ಮೊದಲಿನಷ್ಟಿಲ್ಲ. ಒಂದು ಎಚ್ಚರ: ಮನೆಯಲ್ಲಿ ಹಳೆಯ ಬಿಪಿ ಗುಳಿಗೆ ಉಳಿದಿದ್ದು, ಅದರ ಹೆಸರು ‘ಪ್ರಿಲ್’ ಎಂದು ಕೊನೆಯಾಗುವ ಎನಲಾಪ್ರಿಲ್, ರಾಮಿಪ್ರಿಲ್ ಆಗಿದ್ದರೆ, ಇದರ ಜೊತೆ ಅದನ್ನು ನುಂಗಲೇಬಾರದು. ತುಟಿ, ನಾಲಗೆ, ಗಂಟಲು ಬಾತು ಉಸಿರೇ ನಿಲ್ಲುವ ಅಪಾಯವಿದೆ. ಒಂದನ್ನು ಬಿಟ್ಟು ಇನ್ನೊಂದನ್ನು ಶುರು ಮಾಡಲು 36 ಗಂಟೆಗಳ ಬಿಡುವು ಬೇಕು. ಸಕ್ಯುಬಿಟ್ರಿಲ್ ಹೆಸರೂ ‘ಟ್ರಿಲ್’ ಎಂದು ಕೊನೆಯಾಗುವುದರಿಂದ ಗೊಂದಲವಾಗದಿರಲಿ. ಎಲ್ಲ ಗುಳಿಗೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲೆ ಸುರಿಯಿರಿ.

ಹಾರ್ಮೋನನ್ನೇ ನೇರವಾಗಿ ರಕ್ತಕ್ಕೆ ಕೊಟ್ಟರೆ ಆಗದೇ ಎಂದು ಕೇಳಬಹುದು. ಅದನ್ನೂ ಮಾಡಿ ನೋಡಿದ್ದಾರೆ. ಪ್ರಯೋಗಾಲಯದಲ್ಲಿ ತಯಾರಿಸಿದ ಬಿಎನ್‌ಪಿಗೆ ನೆಸಿರಿಟೈಡ್ ಎಂಬ ಹೆಸರಿಟ್ಟು 2001ರಲ್ಲಿ ಅಮೆರಿಕದಲ್ಲಿ ಬಳಕೆಗೆ ಒಪ್ಪಿಗೆ ಕೊಟ್ಟರು. ಹತ್ತು ವರ್ಷಗಳ ನಂತರ 7,000ಕ್ಕೂ ಹೆಚ್ಚು ರೋಗಿಗಳಲ್ಲಿ ಪರೀಕ್ಷಿಸಿದಾಗ ಸಾವನ್ನಾಗಲಿ, ಮತ್ತೆ ಆಸ್ಪತ್ರೆ ಸೇರುವುದನ್ನಾಗಲಿ ಅದು ಕಡಿಮೆ ಮಾಡಲಿಲ್ಲ. ಬಿಪಿ ಅತಿಯಾಗಿ ಇಳಿಯುವುದು ಮಾತ್ರ ಹೆಚ್ಚಾಯಿತು. ಎದುರಿನ ‘ಹಿಡಿ’ ಎನ್ನುವ ಕೂಟವನ್ನು ಸಡಿಲಿಸದೆ ಈ ಕಡೆ ಒಬ್ಬನನ್ನೇ ಹೆಚ್ಚಿಗೆ ನಿಲ್ಲಿಸಿದರೆ ಜಗ್ಗಾಟ ಗೆಲ್ಲುವುದಿಲ್ಲ ಎಂದು ನಾನು ಅದನ್ನು ಅರ್ಥ ಮಾಡಿಕೊಂಡಿದ್ದೇನೆ.

ಈ ಸಂಖ್ಯೆಯನ್ನು ಕಣ್ಣು ಮುಚ್ಚಿ ನಂಬುವಂತೆಯೂ ಇಲ್ಲ. ವಯಸ್ಸಾದಂತೆ ಅದು ಸ್ವಲ್ಪ ಏರುತ್ತದೆ. ಮೂತ್ರಪಿಂಡ ಸೋತವರಲ್ಲಿ, ಹೃತ್ಕರ್ಣ ಲಯ ತಪ್ಪಿ ಬಡಿಯುವವರಲ್ಲಿ ಹೃದಯದ ಬಲ ಚೆನ್ನಾಗಿದ್ದರೂ ಏರಿರುತ್ತದೆ. ಬಹಳ ದಪ್ಪ ಇರುವವರಲ್ಲಿ ಹೃದಯ ಸೋತಿದ್ದರೂ ಕಡಿಮೆ ತೋರಿಸಬಹುದು. ಹೃದಯಾಘಾತಕ್ಕೆ ಮಾಡುವ ಟ್ರೋಪೋನಿನ್ ಪರೀಕ್ಷೆಯ ಜೊತೆಗೂ ಇದನ್ನು ಬೆರೆಸಬೇಡಿ. ಟ್ರೋಪೋನಿನ್ ಹಾರ್ಮೋನಲ್ಲ, ಪೆಟ್ಟು ತಿಂದ ಸ್ನಾಯುವಿನಿಂದ ಸೋರುವ ವಸ್ತು.

ಎಕೋದ ಶೇ 32ರ ಬಗ್ಗೆಯೂ ಎರಡು ಮಾತು ಹೇಳಬೇಕು, ಏಕೆಂದರೆ ನೂರಕ್ಕೆ 68 ಭಾಗ ಹೃದಯ ಸತ್ತಿದೆ ಎಂದು ಮನೆಮಂದಿ ಅತ್ತದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಯಾರ ಹೃದಯವೂ ತನ್ನೊಳಗಿನ ರಕ್ತವನ್ನು ಪೂರ್ತಿ ತಳ್ಳುವುದಿಲ್ಲ. ಗಟ್ಟಿಮುಟ್ಟಾದ ಹೃದಯವೂ ಒಂದು ಬಡಿತಕ್ಕೆ ತಳ್ಳುವುದು ಶೇ 55ರಿಂದ 70ರಷ್ಟು. ತಂದೆಯವರದ್ದು ಸುಮಾರು ಅರ್ಧಕ್ಕೆ ಬಂದಿದೆ, ನಿಂತಿಲ್ಲ. ನಮ್ಮ ಕಡೆ ‘ಹಾರ್ಟ್ ಫೇಲಾಯಿತು’ ಎಂದರೆ ಮನುಷ್ಯ ಹೋದ ಎಂದರ್ಥ. ವೈದ್ಯರ ಚೀಟಿಯಲ್ಲಿ ಹಾರ್ಟ್ ಫೇಲ್ಯೂರ್ ಎಂದಿದ್ದರೆ ಹೃದಯ ಸೋತಿದೆ, ಆಸರೆ ಕೊಡಿ ಎಂದರ್ಥ. ತಿಂಗಳುಗಟ್ಟಲೆ ಸರಿಯಾಗಿ ಔಷಧ ತೆಗೆದುಕೊಂಡು ಶೇ 32ರಿಂದ 45ಕ್ಕೆ ಏರಿದವರು ಇದ್ದಾರೆ, ಮತ್ತೆ ಹೊಲಕ್ಕೆ ಹೋಗಿ ನಿಂತು ರಾಶಿ ಮಾಡಿಸಿದವರು ಇದ್ದಾರೆ.

ಇನ್ನು ಹೊರೆ ಇಳಿಸುವ ಕೆಲಸ. ಅದರಲ್ಲಿ ಅರ್ಧ ವೈದ್ಯರದ್ದು, ಅರ್ಧ ನಿಮ್ಮ ಅಡುಗೆಮನೆಯದ್ದು. ಜೋಳದ ರೊಟ್ಟಿ, ಪುಂಡಿ ಪಲ್ಯ, ತೊಗರಿ ಬೇಳೆ ಅವರಿಗೆ ಬೇಡ ಎನ್ನುವ ಊಟವೇ ಅಲ್ಲ. ಉಪ್ಪು ಹಾಕದೆ ಬಡಿದ ರೊಟ್ಟಿಯಂತೂ ಹೃದಯದ ರೋಗಿಗೆ ಹೇಳಿ ಮಾಡಿಸಿದ ಆಹಾರ. ಕೆಡುಕು ಇರುವುದು ತಟ್ಟೆಯ ಅಂಚಿನಲ್ಲಿ: ಉಪ್ಪಿನಕಾಯಿ, ಶೇಂಗಾ ಹಿಂಡಿ, ಹಪ್ಪಳ, ಸಂಜೆಯ ಸುಸಲಾ-ಮಿರ್ಚಿ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಅಂದರೆ ಒಂದು ಚಹಾ ಚಮಚ, ಮೂರೂ ಹೊತ್ತಿನ ಎಲ್ಲ ಅಡುಗೆ ಸೇರಿ. ಅವರ ಪಾಲಿನ ಒಂದು ಚಮಚ ಉಪ್ಪನ್ನು ಬೆಳಿಗ್ಗೆಯೇ ಬಟ್ಟಲಿನಲ್ಲಿ ತೆಗೆದಿಡಿ. ಸಂಜೆಯವರೆಗೆ ಆ ಬಟ್ಟಲಿನಿಂದ ಮಾತ್ರ. ‘ಕಡಿಮೆ ಸೋಡಿಯಂ’ ಎಂದು ಮಾರುವ ಉಪ್ಪನ್ನು ತರಬೇಡಿ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಅವರ ಗುಳಿಗೆಗಳೂ ಪೊಟ್ಯಾಸಿಯಂ ಏರಿಸುವಂಥವು, ಎರಡೂ ಸೇರಿದರೆ ಬಡಿತವೇ ಕೆಡಬಹುದು.

ನಮ್ಮ ಬೇಸಿಗೆಯ ಬಗ್ಗೆ ಬೇರೆಯೇ ಹೇಳಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 42 ಡಿಗ್ರಿ ದಾಟುತ್ತದೆ, ಎಲ್ಲರೂ ಉಪ್ಪು ಹಾಕಿದ ಮಜ್ಜಿಗೆ, ಓಆರ್‌ಎಸ್ ಕುಡಿಯಿರಿ ಎನ್ನುತ್ತಾರೆ. ಒಂದು ಲೀಟರ್ ಓಆರ್‌ಎಸ್‌ನಲ್ಲಿ 2.6 ಗ್ರಾಂ ಅಡುಗೆ ಉಪ್ಪೇ ಇರುತ್ತದೆ, ಅವರ ಇಡೀ ದಿನದ ಪಾಲಿನ ಅರ್ಧ. ವಾಂತಿಭೇದಿ ಇಲ್ಲದೆ ಅದನ್ನು ಶರಬತ್ತಿನಂತೆ ಕುಡಿಸಬೇಡಿ. ಉಪ್ಪಿಲ್ಲದ ತೆಳು ಮಜ್ಜಿಗೆ ಸಾಕು. ಎದುರಿನ ಅಪಾಯವೂ ಇದೆ. ಬೆವರು ಹರಿದು ನೀರು ಆರಿದಾಗ ಮೂತ್ರದ ಗುಳಿಗೆಯ ಅದೇ ಪ್ರಮಾಣ ಹೆಚ್ಚಾಗಿ, ಎದ್ದು ನಿಂತರೆ ತಲೆ ಸುತ್ತಿ ಬೀಳಬಹುದು. ಹಾಗಾದರೆ ತಾವಾಗಿಯೇ ಗುಳಿಗೆ ಬಿಡದೆ ವೈದ್ಯರಿಗೆ ಫೋನ್ ಮಾಡಿ, ಪ್ರಮಾಣ ಬದಲಿಸಿಕೊಳ್ಳಿ.

ಮೊಣಕಾಲು ನೋವಿಗೆ ತಂದೆಯವರು ಏನು ನುಂಗುತ್ತಾರೆ ಎಂದು ಇಂದೇ ಕೇಳಿ. ಈ ಪ್ರಶ್ನೆಗೆ ನಾನು ಒತ್ತು ಕೊಡುವುದಕ್ಕೆ ಕಾರಣವಿದೆ. ಚಿಂಚೋಳಿ ಕಡೆಯ ಹಿರಿಯರೊಬ್ಬರು ಎಲ್ಲ ಔಷಧವನ್ನೂ ನೇಮದಿಂದ ತೆಗೆದುಕೊಂಡೂ ತಿಂಗಳಿಗೊಮ್ಮೆ ದಮ್ಮು ಎಂದು ದಾಖಲಾಗುತ್ತಿದ್ದರು. ಉಪ್ಪು ಇಲ್ಲ, ಬೀಡಿ ಇಲ್ಲ, ನನಗೆ ಕಾರಣವೇ ಹೊಳೆಯಲಿಲ್ಲ. ನಾಲ್ಕನೆಯ ಸಲ ಅವರ ಹೆಂಡತಿ ಸೆರಗಿನ ಗಂಟು ಬಿಚ್ಚಿ ಚಿಲ್ಲರೆ ತೆಗೆಯುವಾಗ ಒಂದು ಗುಳಿಗೆ ಪಟ್ಟಿಯ ತುಣುಕು ನೆಲಕ್ಕೆ ಬಿತ್ತು: ಡೈಕ್ಲೋಫೆನಾಕ್. ಊರಿನ ಅಂಗಡಿಯಲ್ಲಿ ಕಾಲು ನೋವಿಗೆಂದು ಕೊಟ್ಟದ್ದು, ದಿನಕ್ಕೆ ಎರಡು. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಗುಳಿಗೆಗಳು ಮೂತ್ರಪಿಂಡದಲ್ಲಿ ಉಪ್ಪು ನೀರನ್ನು ಹಿಡಿದಿಡುತ್ತವೆ. ಹೃದಯ ‘ಬಿಡು’ ಎಂದು ಎಷ್ಟು ಕೂಗಿದರೂ ಗೇಟು ಏಳುವುದಿಲ್ಲ. ಅದನ್ನು ನಿಲ್ಲಿಸಿದ ಮೇಲೆ ಅವರು ಏಳು ತಿಂಗಳು ಆಸ್ಪತ್ರೆಯ ಮೆಟ್ಟಿಲು ಹತ್ತಲಿಲ್ಲ. ನೋವಿಗೆ ಪ್ಯಾರಾಸಿಟಮಾಲ್ ಇದೆ, ಪ್ರಮಾಣವನ್ನು ವೈದ್ಯರೇ ಹೇಳಲಿ.

ಹಾರ್ಮೋನು ಪರೀಕ್ಷೆಯನ್ನು ವಾರವಾರ ಮಾಡಿಸಲು ಹೋಗಬೇಡಿ, ದುಡ್ಡು ದಂಡ. ಅದಕ್ಕಿಂತ ಬೇಗ ಸುದ್ದಿ ಕೊಡುವುದು ಮನೆಯ ತೂಕದ ಯಂತ್ರ. ಬೆಳಿಗ್ಗೆ ಎದ್ದು, ಮೂತ್ರಕ್ಕೆ ಹೋಗಿ ಬಂದು, ಚಹಾಕ್ಕೂ ಮೊದಲು, ಅದೇ ಧೋತರ ಅಂಗಿಯಲ್ಲಿ ನಿಲ್ಲಲಿ. ಮನೆಯಲ್ಲಿ ಶಾಲೆಗೆ ಹೋಗುವ ಮಗು ಇದ್ದರೆ ಬರೆದಿಡುವ ಕೆಲಸ ಅದಕ್ಕೆ ಕೊಡಿ, ಮಕ್ಕಳು ಅಜ್ಜನಿಗೆ ರಿಯಾಯಿತಿ ಕೊಡುವುದಿಲ್ಲ. ಮೂರು ದಿನದಲ್ಲಿ 2 ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು. ಮೊಣಕಾಲ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳಿನಿಂದ ಹತ್ತು ಎಣಿಸುವಷ್ಟು ಹೊತ್ತು ಒತ್ತಿ, ತೆಗೆದು ನೋಡಿ. ರೊಟ್ಟಿಯ ಹಿಟ್ಟಿನಲ್ಲಿ ಬೆರಳು ಊರಿದ ಹಾಗೆ ಗುಳಿ ಉಳಿದರೆ, ಆ ಗುಳಿ ನಿನ್ನೆಗಿಂತ ಮೇಲಕ್ಕೆ ಹತ್ತಿದ್ದರೆ, ವೈದ್ಯರಿಗೆ ಅಂದೇ ತಿಳಿಸಿ. ಮಲಗಲಾಗದಷ್ಟು ದಮ್ಮು, ಕೆಮ್ಮಿದರೆ ಕೆಂಪು ಛಾಯೆಯ ನೊರೆ, ಎದೆ ನೋವು, ಕಣ್ಣು ಕತ್ತಲಿಟ್ಟು ಬೀಳುವುದು, ಇವುಗಳಲ್ಲಿ ಯಾವುದಾದರೂ ಆದರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ. ಅವರನ್ನು ಮಲಗಿಸಬೇಡಿ, ದಿಂಬು ಒರಗಿಸಿ ಕೂರಿಸಿ ಕರೆದೊಯ್ಯಿರಿ. ಕಲಬುರಗಿಯಲ್ಲೇ ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆ ಇದೆ, ಬೆಂಗಳೂರಿಗೋ ಸೊಲ್ಲಾಪುರಕ್ಕೋ ಓಡಬೇಕಿಲ್ಲ.

ಮುಂದಿನ ಸಲ ವೈದ್ಯರ ಬಳಿ ಹೋಗುವಾಗ ಎರಡೂ ಲ್ಯಾಬಿನ ಕಾಗದ, ಗುಳಿಗೆಗಳ ಚೀಲ, ತೂಕ ಬರೆದ ನೋಟ್‌ಬುಕ್ ಮೂರನ್ನೂ ಒಯ್ಯಿರಿ. ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ಪರೀಕ್ಷೆ ಯಾವಾಗ ಎಂದು ನೀವೇ ಕೇಳಿ. ಹೊಸ ಗುಳಿಗೆ ಶುರುವಾದ ಮೇಲೆ ಅದನ್ನು ತಪ್ಪಿಸಬಾರದು. ರಾತ್ರಿ ಎಷ್ಟು ದಿಂಬು ಇಟ್ಟು ಮಲಗುತ್ತಾರೆ ಎಂಬುದನ್ನು ಮಾತ್ರ ತಂದೆಯವರನ್ನು ಕೇಳಬೇಡಿ, ನಿಮ್ಮ ತಾಯಿಯವರನ್ನು ಕೇಳಿ ಬರೆದುಕೊಳ್ಳಿ.